‘ಆರು ತಿಂಗಳು ಬಿಟ್ಟು ನೋಡೋಣ’ ಎಂದರು. ಆ ಆರು ತಿಂಗಳನ್ನು ಕಳೆಯುವುದು ಹೇಗೆ?

ಕಿಟಕಿಪಕ್ಕ | ಸೋಮವಾರ, ರಾತ್ರಿ 11:40

ನಮಸ್ಕಾರ. ಒಂದು ವರ್ಷದಿಂದ ನೀವೆಲ್ಲ ಬರೆಯುವುದನ್ನು ಓದುತ್ತಿದ್ದೇನೆ. ನಾನು ಬರೆಯುತ್ತಿರುವುದು ಇದೇ ಮೊದಲು.

ನನಗೆ 38 ವರ್ಷ. ಹದಿನಾಲ್ಕು ತಿಂಗಳ ಹಿಂದೆ ಪ್ಯಾಪಿಲರಿ ಥೈರಾಯ್ಡ್ ಕ್ಯಾನ್ಸರ್ ಎಂದು ಗೊತ್ತಾಯಿತು. ಗ್ರಂಥಿಯನ್ನು ಪೂರ್ತಿ ತೆಗೆದರು. ಗಡ್ಡೆ 2.1 ಸೆಂಟಿಮೀಟರ್ ಇತ್ತು, ಕುತ್ತಿಗೆಯಿಂದ ತೆಗೆದ ಒಂಬತ್ತು ದುಗ್ಧರಸ ಗ್ರಂಥಿಗಳ ಪೈಕಿ ಎರಡಕ್ಕೆ ಹಬ್ಬಿತ್ತು. ಆಮೇಲೆ ಉಳಿದ ಥೈರಾಯ್ಡ್ ಜೀವಕೋಶಗಳನ್ನು ಸುಡಲು 100 ಮಿಲಿಕ್ಯೂರಿ ರೇಡಿಯೋ ಅಯೋಡಿನ್ ಕೊಟ್ಟರು. ಒಂಟಿ ಕೋಣೆಯ ದಿನಗಳನ್ನು ಕಳೆದು ಹೊರಗೆ ಬಂದಾಗ ಎಲ್ಲರೂ ‘ಅಂತೂ ಮುಗಿಯಿತಲ್ಲ’ ಎಂದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಉಳಿದ ಥೈರಾಯ್ಡ್ ಜೀವಕೋಶಗಳು ರಕ್ತಕ್ಕೆ ಬಿಡುವ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನ್ ಏಳು ತಿಂಗಳ ಹಿಂದೆ 0.3 ಬಂದಿತ್ತು. ಕಳೆದ ವಾರ 0.7. ವರದಿ ಮೊಬೈಲಿಗೆ ಬಂದಾಗ ಕಚೇರಿಯ ಮೆಟ್ಟಿಲಿಳಿಯುತ್ತಿದ್ದೆ. ಅದನ್ನು ತೆರೆಯಲು ಹುಟ್ಟಿದ ದಿನಾಂಕ ಒತ್ತಬೇಕು. ನನ್ನದೇ ಹುಟ್ಟಿದ ದಿನಾಂಕವನ್ನು ಎರಡು ಸಲ ತಪ್ಪಾಗಿ ಒತ್ತಿದೆ. ತೆರೆದ ಮೇಲೆ ಬೇರೆ ಯಾವ ಸಾಲೂ ಕಾಣಲಿಲ್ಲ, ಆ 0.7 ಒಂದೇ ಕಂಡಿತು. ಅಲ್ಲಿಯೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಜನ ನನ್ನನ್ನು ಬಳಸಿಕೊಂಡು ಇಳಿದು ಹೋದರು.

ಅಲ್ಟ್ರಾಸೌಂಡಿನಲ್ಲಿ ಬಲಗಡೆ 5 ಮಿಲಿಮೀಟರಿನ ಒಂದು ದುಗ್ಧರಸ ಗ್ರಂಥಿ ಕಂಡಿದೆಯಂತೆ. ‘ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ, ಇದಕ್ಕೆ ಅನಿರ್ಧಾರಿತ ಎನ್ನುತ್ತೇವೆ, ಆರು ತಿಂಗಳು ಬಿಟ್ಟು ನೋಡೋಣ’ ಎಂದರು ವೈದ್ಯರು. ನಾಲ್ಕು ನಿಮಿಷಕ್ಕೆ ನಾನು ಹೊರಗಿದ್ದೆ. ಕ್ಯಾನ್ಸರ್ ಇದೆ ಎಂದು ಹೇಳಿದ ದಿನವೂ ನಾನು ಇಷ್ಟು ಕುಸಿದಿರಲಿಲ್ಲ. ಆಗ ಮಾಡಲು ಕೆಲಸವಿತ್ತು: ದಾಖಲೆ, ರಜೆ, ಸಹಿ, ದುಡ್ಡು, ಮಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಏರ್ಪಾಟು. ಈಗ ಸುಮ್ಮನಿರುವುದೇ ಕೆಲಸ. ಅದೊಂದು ನನಗೆ ಬರುವುದಿಲ್ಲ.

ಕೈ ತಾನಾಗಿ ಕುತ್ತಿಗೆಗೆ ಹೋಗುತ್ತದೆ. ಗಾಯದ ಗೆರೆಯ ಬಲತುದಿಯಿಂದ ಎರಡು ಬೆರಳು ಮೇಲೆ ಒತ್ತಿ ಒತ್ತಿ ಕೆಂಪಾಗಿದೆ. 5 ಮಿಲಿಮೀಟರಿನದು ಕೈಗೆ ಸಿಗುವುದಿಲ್ಲ ಎಂದು ಗೊತ್ತು, ಆದರೂ ದಿನಕ್ಕೊಮ್ಮೆ ಸಿಕ್ಕಂತಾಗುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಲೆಕ್ಕ ಹಾಕುತ್ತೇನೆ: 0.3 ಹೋಗಿ 0.7 ಆಯಿತು, ಇನ್ನೊಂದು ಸಲಕ್ಕೆ 1.5, ಅದರ ಮುಂದಿನ ಸಲಕ್ಕೆ...

ಇಂಥ ಅರೆಬರೆ ಉತ್ತರವನ್ನು ಇಟ್ಟುಕೊಂಡು ದಿನ ದೂಡಿದವರು ಇದ್ದರೆ ಹೇಳಿ. ಧೈರ್ಯ ಹೇಳುವುದು ಬೇಡ, ಅದು ಮನೆಯಲ್ಲಿ ಬೇಕಾದಷ್ಟು ಸಿಗುತ್ತಿದೆ.

ಅರ್ಧಚಿಟ್ಟೆ | ಸೋಮವಾರ, ರಾತ್ರಿ 11:58

ಅಕ್ಕ, ‘ಬರುವುದಾದರೆ ಇಂಥ ಕ್ಯಾನ್ಸರೇ ಬರಬೇಕು, ಒಳ್ಳೆಯದು’ ಎಂದು ಇದುವರೆಗೆ ಎಷ್ಟು ಜನ ಹೇಳಿದ್ದಾರೆ? ನನ್ನ ಲೆಕ್ಕ ಹದಿನೇಳಕ್ಕೆ ನಿಂತಿದೆ, ಅವರಲ್ಲಿ ಇಬ್ಬರು ವೈದ್ಯರು. ನಾಳೆ ಸರಿಯಾಗಿ ಬರೆಯುತ್ತೇನೆ. ಈಗ ಮೊಬೈಲ್ ಕೆಳಗಿಟ್ಟು ಮಲಗಿ.

ಕಿಟಕಿಪಕ್ಕ | ಮಂಗಳವಾರ, ರಾತ್ರಿ 12:03

ನನ್ನದು ಹನ್ನೊಂದು. ನಿಮ್ಮಷ್ಟು ಭಾಗ್ಯ ನನಗಿಲ್ಲ.

ಒಂಬತ್ತನೆಯ_ವರ್ಷ | ಮಂಗಳವಾರ, ಬೆಳಿಗ್ಗೆ 6:20

ಮಾತ್ರೆ ನುಂಗಿದ ಮೇಲೆ ಹೊಟ್ಟೆಗೆ ಏನೂ ಹಾಕದೆ ಕಾಯುವ ಈ ಅರ್ಧ ಗಂಟೆ ನನಗೆ ಬರೆಯುವ ಸಮಯ. ಒಂಬತ್ತು ವರ್ಷದಲ್ಲಿ ಆ ಮಾತ್ರೆ ನನಗೆ ಕಲಿಸಿದ ಒಂದೇ ಶಿಸ್ತು ಇದು.

ಮೊದಲು ಆ ಪದದ ವಿಷಯ. ‘ಅನಿರ್ಧಾರಿತ’ ಎಂದರೆ ವೈದ್ಯರು ಕೈಚೆಲ್ಲಿದರು ಎಂದಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರ ಮಾರ್ಗಸೂಚಿಯಲ್ಲಿ, ಚಿಕಿತ್ಸೆಗೆ ದೇಹ ಹೇಗೆ ಸ್ಪಂದಿಸಿದೆ ಎಂಬುದನ್ನು ನಾಲ್ಕು ಗುಂಪು ಮಾಡಿದ್ದಾರೆ. ಗ್ರಂಥಿ ಪೂರ್ತಿ ತೆಗೆದು ಅಯೋಡಿನ್ ಕೊಟ್ಟವರಲ್ಲಿ, ಥೈರಾಕ್ಸಿನ್ (ಗ್ರಂಥಿಯ ಬದಲಿಗೆ ನುಂಗುವ ಹಾರ್ಮೋನ್ ಮಾತ್ರೆ) ತೆಗೆದುಕೊಳ್ಳುತ್ತಿರುವಾಗ ಥೈರೋಗ್ಲಾಬ್ಯುಲಿನ್ 0.2ಕ್ಕಿಂತ ಕಡಿಮೆ ಇದ್ದು ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಅದು ಅತ್ಯುತ್ತಮ. ಸ್ಕ್ಯಾನಿನಲ್ಲಿ ಏನೂ ಇಲ್ಲದೆ ಅಂಕಿ ಮಾತ್ರ 1 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ಬಗೆಯ ಅಪೂರ್ಣ, ಸ್ಕ್ಯಾನಿನಲ್ಲಿ ರೋಗವೇ ಕಂಡರೆ ಇನ್ನೊಂದು ಬಗೆಯ ಅಪೂರ್ಣ. ನಾಲ್ಕನೆಯದೇ ಅನಿರ್ಧಾರಿತ, 0.2ಕ್ಕೂ 1ಕ್ಕೂ ನಡುವಿನ ಆ ಓಣಿಯಲ್ಲಿ ನಾವಿದ್ದೇವೆ. ನಿಮ್ಮ ಹಳೆಯ 0.3 ಕೂಡ ಇದೇ ಓಣಿಯದು. ನೀವು ಒಂದು ಗುಂಪಿನಿಂದ ಇನ್ನೊಂದಕ್ಕೆ ಜಾರಿಲ್ಲ, ಒಂದೇ ಓಣಿಯಲ್ಲಿ ನಾಲ್ಕು ಮನೆ ಆಚೆ ಹೋಗಿದ್ದೀರಿ.

ಆ ಗುಂಪಿನ ನೂರು ಜನರಲ್ಲಿ 15ರಿಂದ 20 ಜನರಿಗೆ ಮುಂದೆ ಎಂದಾದರೂ ಸ್ಕ್ಯಾನಿನಲ್ಲಿ ಕಾಣುವ ರೋಗ ಸಿಗುತ್ತದೆ. ಉಳಿದವರಲ್ಲಿ ಹಾಗೆಯೇ ನಿಲ್ಲುತ್ತದೆ, ಇಲ್ಲವೇ ತಾನಾಗಿ ಅಳಿಸಿಹೋಗುತ್ತದೆ. 15 ಸಣ್ಣ ಸಂಖ್ಯೆ ಎಂದು ನಾನು ಸುಳ್ಳು ಹೇಳುವುದಿಲ್ಲ. ಆದರೆ ನಾನು ಮನಸ್ಸಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಸಂಖ್ಯೆ ತೊಂಬತ್ತು.

ನಿಮಗೆ ‘ಒಂದನೇ ಹಂತ’ ಎಂದು ಹೇಳಿರುತ್ತಾರೆ. 55 ವರ್ಷದೊಳಗಿನವರಿಗೆ ಈ ಬಗೆಯ ಕ್ಯಾನ್ಸರಿನಲ್ಲಿ ಇರುವುದೇ ಎರಡು ಹಂತ: ದೂರದ ಅಂಗಕ್ಕೆ ಹೋಗದಿದ್ದರೆ ಒಂದು, ಹೋದರೆ ಎರಡು. ಆ ಹಂತ ಅಳೆಯುವುದು ಜೀವಕ್ಕೆ ಅಪಾಯ ಎಷ್ಟು ಎಂಬುದನ್ನು. ಮರುಕಳಿಸುತ್ತದೆಯೇ ಎಂಬುದಕ್ಕೆ ಲೆಕ್ಕವೇ ಬೇರೆ. ಎರಡೂ ಒಂದೇ ಎಂದುಕೊಂಡು ‘ಒಂದನೇ ಹಂತವಾದರೆ ಇದೇಕೆ ಹೀಗೆ’ ಎಂದು ನಾನು ಒಂದು ವರ್ಷ ತಲೆ ಕೆಡಿಸಿಕೊಂಡೆ.

ಮೊದಲ ಎರಡು ವರ್ಷ ‘ಇದರ ಬಗ್ಗೆ ಯೋಚಿಸಲೇಬಾರದು’ ಎಂದು ಹಟ ಹಿಡಿದಿದ್ದೆ. ಯೋಚಿಸಬಾರದು ಎಂದು ದಿನಕ್ಕೆ ನೂರು ಸಲ ಯೋಚಿಸಿದೆ. ತಪಾಸಣೆಗೆ ಹೋದಾಗಲೆಲ್ಲ ‘ಮತ್ತೆ ಬರುತ್ತದೆಯೇ’ ಎಂದು ಕೇಳುತ್ತಿದ್ದೆ. ಅದಕ್ಕೆ ಉತ್ತರ ಅವರ ಬಳಿಯೂ ಇರಲಿಲ್ಲ. ನಾನು ಅವರ ಹುಬ್ಬು ನೋಡಿ ಉತ್ತರ ಊಹಿಸಿಕೊಂಡು ಮನೆಗೆ ಬರುತ್ತಿದ್ದೆ. ಮೂರನೆಯ ವರ್ಷ ಚೀಟಿಯಲ್ಲಿ ಬೇರೆ ಪ್ರಶ್ನೆ ಬರೆದುಕೊಂಡು ಹೋದೆ. ಯಾವ ಅಂಕಿ ಬಂದರೆ ನೀವು ಎದ್ದು ಕೂರುತ್ತೀರಿ? ಅದು ಬಂದ ಮರುದಿನ ಏನು ಮಾಡುತ್ತೀರಿ? ಅಲ್ಲಿಯವರೆಗೆ ಕಾದರೆ ನನ್ನ ಕೈಯಿಂದ ಏನಾದರೂ ಜಾರಿಹೋಗುತ್ತದೆಯೇ? ಮೂರಕ್ಕೂ ಅವರು ತಡವರಿಸದೆ ಉತ್ತರ ಕೊಟ್ಟರು. ಭಯ ಹೋಗಲಿಲ್ಲ. ಆದರೆ ಅದಕ್ಕೊಂದು ಬೇಲಿ ಬಿತ್ತು. ಬೇಲಿಯ ಈಚೆಗೆ ನಾನು ಬದುಕುತ್ತಿದ್ದೇನೆ, 0.4 ಮತ್ತು 0.6ರ ನಡುವೆ ಓಲಾಡುತ್ತಾ.

ಇನ್ನೊಂದು, ಮರೆಯುವ ಮೊದಲು. ನಮ್ಮಂಥವರಿಗೆ ಟಿ.ಎಸ್.ಎಚ್. (ಥೈರಾಯ್ಡ್ ಜೀವಕೋಶಗಳನ್ನು ಪ್ರಚೋದಿಸುವ ಹಾರ್ಮೋನ್) ತಗ್ಗಿಸಿ ಇಡಲು ಥೈರಾಕ್ಸಿನ್ ತುಸು ಜಾಸ್ತಿಯೇ ಕೊಟ್ಟಿರುತ್ತಾರೆ. ಎದೆ ಡವಗುಟ್ಟುವುದು, ಬೆರಳು ನಡುಗುವುದು, ನಿದ್ದೆ ಹತ್ತದಿರುವುದು ಅದರಿಂದಲೂ ಆಗುತ್ತದೆ. ನಾನು ಅದನ್ನೆಲ್ಲ ಪುಕ್ಕಲುತನ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ವೈದ್ಯರು ಮಾತ್ರೆಯನ್ನು 125 ಮೈಕ್ರೋಗ್ರಾಂನಿಂದ 112ಕ್ಕೆ ಇಳಿಸಿ ಎರಡು ತಿಂಗಳಾಗುವಷ್ಟರಲ್ಲಿ ಅರ್ಧ ಪುಕ್ಕಲುತನ ಮಾಯವಾಗಿತ್ತು! ನೀವಾಗಿಯೇ ಇಳಿಸಬೇಡಿ, ಕೇಳಿ ನೋಡಿ.

ಅರ್ಧ ಗಂಟೆ ಆಯಿತು.

ಕಾದುನೋಡುವವ | ಮಂಗಳವಾರ, ಬೆಳಿಗ್ಗೆ 9:15

ನನ್ನ ಕಥೆ ಕೇಳಿದರೆ ನಿಮಗೆ ಸ್ವಲ್ಪ ಹಗುರವಾದೀತು. ನನಗೆ 61. ಬೇರೆ ಯಾವುದಕ್ಕೋ ಕುತ್ತಿಗೆ ಸ್ಕ್ಯಾನ್ ಮಾಡಿದಾಗ 7 ಮಿಲಿಮೀಟರಿನ ಗಂಟು ಸಿಕ್ಕಿತು, ಸೂಜಿ ಹಾಕಿ ನೋಡಿದರೆ ಪ್ಯಾಪಿಲರಿ. ನಾಲ್ಕು ವರ್ಷವಾಯಿತು, ತೆಗೆಸಿಲ್ಲ. ಕುತ್ತಿಗೆಯಲ್ಲಿಯೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನೆಂಟರು ನನ್ನನ್ನು ಜಿಪುಣ ಎಂದುಕೊಂಡಿದ್ದಾರೆ.

ಇದು ನನ್ನ ತಲೆಯಿಂದ ಬಂದ ಉಪಾಯವಲ್ಲ. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯಲ್ಲಿ 1993ರಿಂದ 1 ಸೆಂಟಿಮೀಟರಿನೊಳಗಿನ ಅಪಾಯವಿಲ್ಲದ ಗಂಟುಗಳನ್ನು ಕೊಯ್ಯದೆ ಗಮನಿಸುತ್ತಾ ಬಂದಿದ್ದಾರೆ. 2014ರಲ್ಲಿ ಅವರು 1,235 ಜನರ ಲೆಕ್ಕ ಪ್ರಕಟಿಸಿದರು. ಹತ್ತು ವರ್ಷದಲ್ಲಿ 3 ಮಿಲಿಮೀಟರ್ ಅಥವಾ ಹೆಚ್ಚು ಬೆಳೆದದ್ದು ನೂರಕ್ಕೆ 8, ದುಗ್ಧರಸ ಗ್ರಂಥಿಗೆ ಹೋದದ್ದು ನೂರಕ್ಕೆ 3.8. ಬೆಳೆದವರಿಗೆ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರು, ಯಾರೂ ಇದರಿಂದ ಸಾಯಲಿಲ್ಲ. ವಯಸ್ಸಾದಷ್ಟೂ ಅದು ಸೋಮಾರಿಯಾಗುತ್ತದೆ. ನನ್ನಂತೆಯೇ.

ಫಿನ್ಲೆಂಡಿನಲ್ಲಿ ನಡೆದು 1985ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡನ್ನು ತೆಳುವಾಗಿ ಕೊಯ್ದು ನೋಡಿದರೆ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಿರಿದಾದ ಪ್ಯಾಪಿಲರಿ ಇತ್ತು. ಅದು ತಮ್ಮೊಳಗಿದೆ ಎಂಬುದೇ ಗೊತ್ತಿಲ್ಲದೆ ಬಾಳಿ ಹೋಗಿದ್ದರು. ಆದ್ದರಿಂದ 0.7ಕ್ಕೆ ಹೆದರಬೇಡಿ.

ಒಂಬತ್ತನೆಯ_ವರ್ಷ | ಮಂಗಳವಾರ, ಬೆಳಿಗ್ಗೆ 10:02

ಸರ್, ನಿಮ್ಮ ಕಥೆ ನನಗಿಷ್ಟ, ಆದರೆ ಕೊನೆಯ ಸಾಲು ಒಪ್ಪುವುದಿಲ್ಲ. ಕೋಬೆಯ ಲೆಕ್ಕ ಸಣ್ಣ ಗಂಟಿನ, ಎಲ್ಲಿಯೂ ಹಬ್ಬದವರ ಲೆಕ್ಕ. ಇವರದು 2 ಸೆಂಟಿಮೀಟರ್ ದಾಟಿ ದುಗ್ಧರಸ ಗ್ರಂಥಿಗೆ ಹೋಗಿದ್ದದ್ದು. ನಿಮ್ಮ ನಿದ್ದೆಯನ್ನು ಇವರಿಗೆ ಸಾಲ ಕೊಡಲಾಗದು.

ಕಾದುನೋಡುವವ | ಮಂಗಳವಾರ, ಬೆಳಿಗ್ಗೆ 10:30

ಸರಿಯಮ್ಮ, ಒಪ್ಪಿದೆ. ಸಮಾಧಾನ ಹೇಳುವ ಆತುರದಲ್ಲಿ ಅಳತೆ ಮರೆತೆ. ನನ್ನ ಮಾತಿನಲ್ಲಿ ಇವರಿಗೆ ದಕ್ಕುವುದು ಇಷ್ಟೇ: ಕಾಯುವುದು ಎಂದರೆ ಕೈಕಟ್ಟಿ ಕೂರುವುದಲ್ಲ, ಅದಕ್ಕೂ ವೇಳಾಪಟ್ಟಿ ಇರುತ್ತದೆ. ಇನ್ನು ನಿದ್ದೆಯ ವಿಷಯ. ಸ್ಕ್ಯಾನಿನ ಹಿಂದಿನ ವಾರ ನನಗೂ ನಿದ್ದೆ ಬರುವುದಿಲ್ಲ. ಆ ವಾರ ನಾನು ಮನೆಯ ನಲ್ಲಿ, ಬಾಗಿಲ ಚಿಲಕ, ಫ್ಯಾನ್ ಎಲ್ಲ ರಿಪೇರಿ ಮಾಡುತ್ತೇನೆ. ನಮ್ಮ ಮನೆಯಲ್ಲಿ ವರ್ಷಕ್ಕೆ ಒಂದು ಸಲ ಎಲ್ಲವೂ ಸುಸ್ಥಿತಿಯಲ್ಲಿರುತ್ತದೆ.

ನಿರ್ವಾಹಕರು | ಮಂಗಳವಾರ, ಮಧ್ಯಾಹ್ನ 1:10

ಇಲ್ಲಿದ್ದ ಒಂದು ಬರಹವನ್ನು ತೆಗೆದಿದ್ದೇವೆ. ‘ಥೈರಾಕ್ಸಿನ್ ನಿಲ್ಲಿಸಿ ಈ ಪುಡಿ ತೆಗೆದುಕೊಳ್ಳಿ’ ಎನ್ನುವ ಸಲಹೆಗೆ ಇಲ್ಲಿ ಜಾಗವಿಲ್ಲ. ಓದುತ್ತಿರುವ ಅರ್ಧ ಜನರಿಗೆ ಗ್ರಂಥಿಯೇ ಇಲ್ಲ, ಆ ಮಾತ್ರೆ ಅವರಿಗೆ ಔಷಧಿ ಮಾತ್ರವಲ್ಲ, ಆ ಅಂಗದ ಜಾಗದಲ್ಲಿರುವುದೇ ಅದು.

ಅರ್ಧಚಿಟ್ಟೆ | ಮಂಗಳವಾರ, ಸಂಜೆ 7:25

ಬೆಳಿಗ್ಗೆ ಬರೆಯುತ್ತೇನೆ ಎಂದು ಸಂಜೆ ಮಾಡಿದೆ, ಕ್ಷಮಿಸಿ.

ಅಕ್ಕ, ನನ್ನದು ವಿಚಿತ್ರ ಕಥೆ. 2014ರಲ್ಲಿ ನನ್ನ ಗಂಟಿಗೆ ಸೂಜಿ ಪರೀಕ್ಷೆ ಮಾಡಿದರು. ಆರು ಮೆಟ್ಟಿಲಿನ ಬೆಥೆಸ್ಡಾ ವರ್ಗೀಕರಣದಲ್ಲಿ ನಾಲ್ಕನೆಯದು ಬಂತು. ಅಂದರೆ ಬಿಡಿ ಜೀವಕೋಶ ನೋಡಿ ಹೇಳಲಾಗುವುದಿಲ್ಲ. ಗಂಟಿನ ಸುತ್ತಲಿನ ಕವಚವನ್ನೋ ರಕ್ತನಾಳವನ್ನೋ ಅದು ಭೇದಿಸಿದೆಯೇ ಎಂದು ನೋಡಬೇಕು, ನೋಡಲು ಗಂಟನ್ನೇ ಹೊರಗೆ ತೆಗೆಯಬೇಕು. ಚಿಟ್ಟೆಯಾಕಾರದ ಥೈರಾಯ್ಡಿನ ಒಂದು ರೆಕ್ಕೆ ತೆಗೆದರು, ಅದಕ್ಕೇ ನನ್ನ ಈ ಹೆಸರು. ವರದಿಯಲ್ಲಿ ಪ್ಯಾಪಿಲರಿ ಕ್ಯಾನ್ಸರಿನ ಒಂದು ಪ್ರಭೇದ, ಕವಚದೊಳಗೇ ಇದೆ ಎಂದು ಬಂತು.

ಎರಡು ವರ್ಷ ನಾನು ಕ್ಯಾನ್ಸರ್ ರೋಗಿಯಾಗಿದ್ದೆ. ಅರ್ಜಿಗಳಲ್ಲಿ ಹಾಗೆಯೇ ಬರೆದೆ, ವಿಮೆಯವರು ನಿರಾಕರಿಸಿದರು, ಹೊರದೇಶದ ಕೆಲಸವೊಂದನ್ನು ಬಿಟ್ಟೆ. 2016ರಲ್ಲಿ ತಜ್ಞರ ಒಂದು ತಂಡ ಸೇರಿ, ಹೀಗೆ ಕವಚದೊಳಗೆ ಸುಮ್ಮನಿರುವ ಈ ಪ್ರಭೇದವನ್ನು ಕ್ಯಾನ್ಸರ್ ಎನ್ನಬಾರದು ಎಂದು ತೀರ್ಮಾನಿಸಿ ಅದಕ್ಕೆ ಎನ್.ಐ.ಎಫ್.ಟಿ.ಪಿ. ಎಂಬ ಹೊಸ ಹೆಸರಿಟ್ಟಿತು. ನನ್ನ ಗಾಜಿನ ಪಟ್ಟಿಗಳನ್ನು ಪೆಟ್ಟಿಗೆಯಿಂದ ತೆಗೆದು ಮತ್ತೆ ನೋಡಿದರು. ‘ಇದು ಕ್ಯಾನ್ಸರ್ ಅಲ್ಲ’ ಎಂದರು. ಅದೇ ಗಾಜು, ಅದೇ ಬಣ್ಣ ಹಿಡಿದ ಅದೇ ಜೀವಕೋಶಗಳು.

ಕುಣಿಯಬೇಕಿತ್ತು. ಮೊದಲು ಬಂದದ್ದು ಸಿಟ್ಟು. ಆ ಎರಡು ವರ್ಷದ ಹೆದರಿಕೆಯನ್ನು ಯಾರ ಲೆಕ್ಕಕ್ಕೆ ಬರೆಯಲಿ? ಯಾರೂ ತಪ್ಪು ಮಾಡಿರಲಿಲ್ಲ, ಅದೇ ತೊಂದರೆ. ಬೈಯಲು ಒಬ್ಬರೂ ಸಿಗಲಿಲ್ಲ. ಈಗ ಈ ಗುಂಪಿನಲ್ಲಿ ನಾನು ಇರಬೇಕೋ ಬೇಡವೋ ಎನ್ನುವುದೂ ಅನಿರ್ಧಾರಿತವೇ. ಆದರೂ ಇದ್ದೇನೆ.

ನಿಮಗೆ ಇದನ್ನು ಏಕೆ ಹೇಳಿದೆನೆಂದರೆ, ಸ್ಪಷ್ಟವಾಗಿ ಮುದ್ರೆ ಒತ್ತಿದ ಉತ್ತರ ಸಿಕ್ಕಿದರೆ ನೆಮ್ಮದಿ ಎಂದು ನನಗೂ ಅನ್ನಿಸುತ್ತಿತ್ತು. ನನಗೆ ಎರಡು ಸಲ ಸಿಕ್ಕಿತು, ಎರಡೂ ಬೇರೆ ಬೇರೆ.

ಸೂಕ್ಷ್ಮನಳಿಗೆ | ಮಂಗಳವಾರ, ರಾತ್ರಿ 9:50

ನಾನು ರೋಗಿಯಲ್ಲ, ನನ್ನ ಅಮ್ಮ ಈ ದಾರಿಯಲ್ಲಿದ್ದಾರೆ. ನನ್ನ ಕೆಲಸ ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ. ಕಿಟಕಿಪಕ್ಕ ಮೇಡಂ, ನಾಲ್ಕು ಪ್ರಶ್ನೆ ಕೇಳುತ್ತೇನೆ. ಎರಡೂ ಪರೀಕ್ಷೆ ಒಂದೇ ಕಡೆ ಮಾಡಿಸಿದಿರಾ? ಪಕ್ಕದ ಸಾಲಿನಲ್ಲಿ ಟಿ.ಎಸ್.ಎಚ್. ಎಷ್ಟಿತ್ತು? ಥೈರೋಗ್ಲಾಬ್ಯುಲಿನ್ ವಿರುದ್ಧದ ಪ್ರತಿಕಾಯ ಎಷ್ಟಿತ್ತು? ಕೂದಲಿಗೆ, ಉಗುರಿಗೆ ಎಂದು ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಾ?

ಕಿಟಕಿಪಕ್ಕ | ಮಂಗಳವಾರ, ರಾತ್ರಿ 10:15

ಎರಡೂ ಒಂದೇ ಕಡೆ. ಪ್ರತಿಕಾಯ ಎರಡು ಸಲವೂ ಇಲ್ಲ ಎಂದಿದೆ. ಟಿ.ಎಸ್.ಎಚ್. ಆಗ 0.08, ಈಗ 1.6.

ಕೂದಲಿನ ಪ್ರಶ್ನೆ ಏಕೆ ಕೇಳಿದಿರಿ? ಶಸ್ತ್ರಚಿಕಿತ್ಸೆಯ ನಂತರ ತಲೆ ಬಾಚಿದರೆ ಹಿಡಿ ಹಿಡಿ ಬರುತ್ತಿತ್ತು. ಐದು ತಿಂಗಳು ಬಯೋಟಿನ್ ಎಂಬ ವಿಟಮಿನ್ 10 ಮಿಲಿಗ್ರಾಂ ತೆಗೆದುಕೊಂಡೆ. ನಿಲ್ಲಿಸಿ ಎರಡು ತಿಂಗಳ ಮೇಲಾಯಿತು. ಮೊದಲ ಪರೀಕ್ಷೆಯ ದಿನ ಬೆಳಿಗ್ಗೆಯೂ ನುಂಗಿದ್ದ ನೆನಪು.

ಸೂಕ್ಷ್ಮನಳಿಗೆ | ಮಂಗಳವಾರ, ರಾತ್ರಿ 10:41

ಅದಕ್ಕೇ ಕೇಳಿದ್ದು. ಹಲವು ಯಂತ್ರಗಳಲ್ಲಿ ಈ ಪರೀಕ್ಷೆಗಳು ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಎಂಬ ಎರಡು ವಸ್ತುಗಳ ಅಂಟಿನ ಮೇಲೆ ನಡೆಯುತ್ತವೆ. ರಕ್ತದಲ್ಲಿಯೇ ಬಯೋಟಿನ್ ತುಂಬಿದ್ದರೆ ಅದು ಹೋಗಿ ಅಂಟಿನ ಜಾಗವನ್ನೆಲ್ಲ ಹಿಡಿದು ಕೂರುತ್ತದೆ. ಆಗ ಥೈರೋಗ್ಲಾಬ್ಯುಲಿನ್ ಮತ್ತು ಟಿ.ಎಸ್.ಎಚ್. ಇದ್ದುದಕ್ಕಿಂತ ಕಡಿಮೆ ಕಾಣುತ್ತವೆ, ಟಿ4 ಎಂಬ ಥೈರಾಯ್ಡ್ ಹಾರ್ಮೋನ್ ಇದ್ದುದಕ್ಕಿಂತ ಹೆಚ್ಚು ಕಾಣುತ್ತದೆ. ದೇಹಕ್ಕೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಕೂದಲಿನ ಮಾತ್ರೆಯಲ್ಲಿ ಅದರ ಮುನ್ನೂರು ಪಟ್ಟಿಗಿಂತ ಹೆಚ್ಚಿರುತ್ತದೆ. ಎಲ್ಲ ಯಂತ್ರಗಳಲ್ಲಿಯೂ ಹೀಗಾಗುವುದಿಲ್ಲ, ಹೊಸ ಕಿಟ್‌ಗಳಲ್ಲಿ ಇದನ್ನು ಬಹುಮಟ್ಟಿಗೆ ಸರಿಪಡಿಸಿದ್ದಾರೆ. ನೀವು ಪರೀಕ್ಷೆ ಮಾಡಿಸಿದ ಕಡೆ ಯಾವ ಯಂತ್ರ ಎಂದು ಕೇಳಿದರೆ ಹೇಳುತ್ತಾರೆ.

ಹುಷಾರು, ನಾನು 0.7 ಸುಳ್ಳು ಎನ್ನುತ್ತಿಲ್ಲ. ಸಂಶಯ ಇರುವುದು ಹಳೆಯ 0.3ರ ಮೇಲೆ. ಅದು ನಿಜವಾಗಿ 0.6 ಆಗಿದ್ದಿರಬಹುದು. ಅಲ್ಲದೆ ಟಿ.ಎಸ್.ಎಚ್. ನಿಜವಾಗಿಯೇ ಏರಿದ್ದರೆ, ಉಳಿದ ಚೂರುಪಾರು ಥೈರಾಯ್ಡ್ ಜೀವಕೋಶಗಳನ್ನು ಅದು ಚುಚ್ಚಿ ಎಬ್ಬಿಸುತ್ತದೆ, ಥೈರೋಗ್ಲಾಬ್ಯುಲಿನ್ ಜೊತೆಗೇ ಏರುತ್ತದೆ. ಅಂದರೆ ನಿಮ್ಮ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಗೆರೆ ಎಳೆಯುವುದೇ ಸರಿಯಲ್ಲ. ಇದನ್ನು ನಿಮ್ಮ ವೈದ್ಯರಿಗೆ ಹೇಳಿ, ತೀರ್ಮಾನ ಅವರದು.

ಕಿಟಕಿಪಕ್ಕ | ಮಂಗಳವಾರ, ರಾತ್ರಿ 11:30

ಹತ್ತು ಸಲ ಓದಿದೆ. ಹಾಗಾದರೆ ಏರಿಕೆ ಸುಳ್ಳು ಇರಬಹುದು, ಆದರೆ ಆಗ ಪಟ್ಟ ಸಮಾಧಾನವೂ ಸುಳ್ಳು. ಖುಷಿಪಡಬೇಕೋ ಬೇಡವೋ ತಿಳಿಯುತ್ತಿಲ್ಲ. ಏಳು ತಿಂಗಳು ಆ 0.3ನ್ನು ತಾಯಿತದಂತೆ ಕಟ್ಟಿಕೊಂಡಿದ್ದೆ. ಕೂದಲಿನ ಮಾತ್ರೆಯ ಬಗ್ಗೆ ನನ್ನನ್ನು ಒಬ್ಬರೂ ಕೇಳಲಿಲ್ಲವಲ್ಲ ಎಂದು ಮೈ ಉರಿಯುತ್ತಿದೆ.

ಅವಳ_ಗಂಡ | ಬುಧವಾರ, ಬೆಳಿಗ್ಗೆ 7:05

ಇಲ್ಲಿ ಗಂಡಂದಿರು ಬರೆಯಬಹುದೇ ಗೊತ್ತಿಲ್ಲ. ಕುತ್ತಿಗೆಯ ಕೆಂಪು ಕಲೆಯ ವಿಷಯ ಓದಿ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೂ ಅದೇ ಜಾಗದಲ್ಲಿ ಕಲೆ ಇತ್ತು, ಎಡಗಡೆ. ಟಿ.ವಿ. ನೋಡುತ್ತಾ ಇದ್ದಕ್ಕಿದ್ದಂತೆ ಅವಳ ಕೈ ಏಳುತ್ತಿತ್ತು. ಏನಾಯಿತು ಎಂದರೆ ಏನಿಲ್ಲ ಎನ್ನುತ್ತಿದ್ದಳು. ಕೇಳದಿದ್ದರೆ ‘ನಿಮಗೇನು’ ಎನ್ನುತ್ತಿದ್ದಳು. ನಾನು ‘ಏನೂ ಆಗುವುದಿಲ್ಲ ಬಿಡು’ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಒಂದು ದಿನ ನನ್ನ ಮೊಬೈಲಿನಲ್ಲಿ ಏನೋ ಹುಡುಕಲು ಹೋಗಿ, ನಾನು ರಾತ್ರಿ ಎರಡು ಗಂಟೆಯಲ್ಲಿ ಹುಡುಕಿದ್ದನ್ನೆಲ್ಲ ಅವಳು ನೋಡಿಬಿಟ್ಟಳು. ಅವಳಿಗಿಲ್ಲದ ಅನಾಪ್ಲಾಸ್ಟಿಕ್ ಎಂಬ ಬಗೆಯ ಬಗ್ಗೆ, ಎಷ್ಟು ತಿಂಗಳು ಬದುಕುತ್ತಾರೆ ಎಂಬ ಬಗ್ಗೆ ಪುಟಗಟ್ಟಲೆ ಓದಿದ್ದೆ. ಅವಳು ಒಂದು ಕ್ಷಣ ಸುಮ್ಮನಿದ್ದು ‘ನಾನು ಕೂಡ ಇಷ್ಟು ದೂರ ಹೋಗಿರಲಿಲ್ಲ’ ಎಂದಳು. ಇಬ್ಬರಿಗೂ ನಗು ಬಂತು, ಕೆಟ್ಟ ನಗು.

ಅಂದಿನಿಂದ ನಾನು ಏನೂ ಆಗುವುದಿಲ್ಲ ಎನ್ನುವುದನ್ನು ನಿಲ್ಲಿಸಿದೆ. ಕೈ ಎದ್ದಾಗ ‘ಕೈ’ ಎನ್ನುತ್ತೇನೆ, ಅಷ್ಟೇ. ಅವಳು ಇಳಿಸುತ್ತಾಳೆ. ಕೆಲವು ಸಲ ಇಳಿಸುವುದಿಲ್ಲ, ಆಗ ನಾನು ಟಿ.ವಿ. ಆರಿಸುತ್ತೇನೆ. ಮೇಡಂ, ನಿಮ್ಮ ಮನೆಯವರು ಹೇಳುವ ಧೈರ್ಯದ ಹಿಂದೆ ಏನಿದೆ ಎಂದು ಒಮ್ಮೆ ಕೇಳಿ ನೋಡಿ.

ಇನ್ನೊಂದು_ಬಗೆ | ಬುಧವಾರ, ಮಧ್ಯಾಹ್ನ 3:40

ಇಲ್ಲಿ ಎಲ್ಲರೂ ಥೈರೋಗ್ಲಾಬ್ಯುಲಿನ್ ಎನ್ನುವಾಗ ನಾನು ಮೂಲೆಯಲ್ಲಿ ಕುಳಿತು ಓದುತ್ತಿರುತ್ತೇನೆ. ನನ್ನದು ಮೆಡುಲ್ಲರಿ, ಥೈರಾಯ್ಡ್ ಕ್ಯಾನ್ಸರಿನ ಇನ್ನೊಂದು ಬಗೆ. ಇದು ಅಯೋಡಿನ್ ಹೀರದ ಸಿ ಜೀವಕೋಶಗಳಲ್ಲಿ ಹುಟ್ಟುವುದರಿಂದ ನಿಮ್ಮ ರೇಡಿಯೋ ಅಯೋಡಿನ್ ನನಗೆ ಕೆಲಸಕ್ಕೆ ಬಾರದು. ನಾನು ಕಾಯುವುದು ಆ ಜೀವಕೋಶಗಳು ಬಿಡುವ ಕ್ಯಾಲ್ಸಿಟೋನಿನ್ ಅಂಕಿಗೆ. ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷವಾದರೂ ಅದು ಸೊನ್ನೆಗೆ ಇಳಿದಿಲ್ಲ, ಸ್ಕ್ಯಾನಿನಲ್ಲಿ ಏನೂ ಕಾಣುವುದೂ ಇಲ್ಲ. ‘ಒಳ್ಳೆಯ ಕ್ಯಾನ್ಸರ್’ ಎಂದು ನನಗೆ ಯಾರೂ ಹೇಳಿಲ್ಲ, ನಿಮ್ಮ ಹದಿನೇಳು, ಹನ್ನೊಂದನ್ನು ನೋಡಿ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ನನ್ನ ವೈದ್ಯರು ಅಂಕಿಗಿಂತ ಅದು ದುಪ್ಪಟ್ಟಾಗಲು ಹಿಡಿಯುವ ಕಾಲವನ್ನು ನೋಡುತ್ತಾರೆ. ಆರು ತಿಂಗಳೊಳಗೆ ದುಪ್ಪಟ್ಟಾದರೆ ಕೆಟ್ಟದ್ದು, ಎರಡು ವರ್ಷ ದಾಟಿದರೆ ಒಳ್ಳೆಯದು. ನನ್ನದು ನಿಧಾನ. ಅದಕ್ಕೆ ಹೇಳುತ್ತೇನೆ, ಒಂದು ಅಂಕಿ ಮೂಕ, ಎರಡು ಅಂಕಿ ಚಾಡಿಕೋರ, ನಾಲ್ಕೈದು ಸೇರಿದ ಮೇಲೆ ಅದರ ಸಾಕ್ಷ್ಯಕ್ಕೆ ಬೆಲೆ. ನೀವು ಎರಡರ ಮಾತು ಕೇಳಿ ನಿದ್ದೆ ಬಿಟ್ಟಿದ್ದೀರಿ.

ಆದರೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಮೆಡುಲ್ಲರಿಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಅದು ಆರ್.ಇ.ಟಿ. ಎಂಬ ವಂಶವಾಹಿಯಲ್ಲಿನ ದೋಷದಿಂದ ಬಂದಿರುತ್ತದೆ. ಹಾಗಿದ್ದರೆ ಪ್ರತಿ ಮಗುವಿಗೂ ಹೋಗುವ ಸಾಧ್ಯತೆ ಅರ್ಧಕ್ಕರ್ಧ. ನನ್ನ ಪರೀಕ್ಷೆ ಮಾಡಿಸಿ ಎಂದು ಮೊದಲ ದಿನವೇ ಹೇಳಿದ್ದರು. ಎರಡೂವರೆ ವರ್ಷ ಮುಂದೂಡಿದೆ. ನೀವೆಲ್ಲ ಗೊತ್ತಾಗುತ್ತಿಲ್ಲವಲ್ಲ ಎಂದು ಒದ್ದಾಡುತ್ತಿದ್ದೀರಿ, ನಾನು ಗೊತ್ತಾಗದಿರಲಿ ಎಂದು ಕಾಲ ತಳ್ಳಿದವಳು. ಕೊನೆಗೆ ಮಾಡಿಸಿದೆ, ನನ್ನಲ್ಲಿ ಇದೆ. ದೊಡ್ಡವಳಿಗೆ ಇಲ್ಲ. ಎಂಟು ವರ್ಷದ ಮಗನ ವರದಿ ಶುಕ್ರವಾರ.

ಒಂಬತ್ತನೆಯ_ವರ್ಷ | ಬುಧವಾರ, ಸಂಜೆ 4:02

ಶುಕ್ರವಾರ ನಿಮ್ಮ ಜೊತೆ ಯಾರಿರುತ್ತಾರೆ?

ಇನ್ನೊಂದು_ಬಗೆ | ಬುಧವಾರ, ಸಂಜೆ 4:10

ತಮ್ಮ ಬರುತ್ತಾನೆ. ವರದಿ ಅವನ ಮೊಬೈಲಿಗೆ ಬರುವಂತೆ ಮಾಡಿದ್ದೇನೆ. ಕಿಟಕಿಪಕ್ಕ ಅವರ ಮೆಟ್ಟಿಲಿನ ಕಥೆ ಓದಿದ ಮೇಲೆ.

ಇನ್ನೊಂದು_ಬಗೆ | ಶುಕ್ರವಾರ, ಸಂಜೆ 6:55

ಬಂತು. ಅವನಿಗೂ ಇದೆ. ಇನ್ನೂ ಕ್ಯಾನ್ಸರ್ ಆಗಿದೆ ಎಂದು ಅರ್ಥವಲ್ಲ, ಆಗುವ ಮೊದಲೇ ಗ್ರಂಥಿ ತೆಗೆಯಬಹುದು ಎನ್ನುತ್ತಾರೆ. ಸೋಮವಾರ ಅವನ ಕ್ಯಾಲ್ಸಿಟೋನಿನ್ ಪರೀಕ್ಷೆ, ಗುರುವಾರ ಮಕ್ಕಳ ಶಸ್ತ್ರಚಿಕಿತ್ಸಕರು. ರಜೆ ಹಾಕಿದೆ. ಈಗ ಮಾಡಲು ಕೆಲಸವಿದೆ.

ಇವತ್ತು ಉತ್ತರಿಸಬೇಡಿ ಎಲ್ಲರೂ. ಓದಿದ್ದೀರಿ ಎಂದು ಗೊತ್ತಿದೆ.

ಕಿಟಕಿಪಕ್ಕ | ಮುಂದಿನ ಬುಧವಾರ, ರಾತ್ರಿ 8:30

ಇನ್ನೊಂದು ಬಗೆ ಅವರೇ, ನೀವು ಬೇಡ ಎಂದದ್ದಕ್ಕೆ ಅಂದು ಬರೆಯಲಿಲ್ಲ. ನಾಳೆ ಎಷ್ಟು ಗಂಟೆಗೆ ಎಂದು ಹೇಳಿ, ಅಷ್ಟೇ.

ನಾನು ನಿನ್ನೆ ಮತ್ತೆ ವೈದ್ಯರ ಬಳಿ ಹೋಗಿದ್ದೆ, ಚೀಟಿ ಹಿಡಿದುಕೊಂಡು. ಬಯೋಟಿನ್ ಎಂದ ಕೂಡಲೇ ಅವರು ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಪ್ರಯೋಗಾಲಯಕ್ಕೆ ಅವರೇ ಫೋನ್ ಮಾಡಿದರು. ಅಲ್ಲಿರುವುದು ಹಳೆಯ ಕಿಟ್, ಅಡ್ಡಿಯಾಗಿರಬಹುದು ಎಂದರಂತೆ. ಹಾಗಾಗಿ ಹಳೆಯ ಅಂಕಿಗೆ ಅಡ್ಡಗೆರೆ ಎಳೆದು 0.7ನ್ನೇ ಮೊದಲನೆಯದು ಎಂದು ಬರೆದುಕೊಂಡರು.

ಯಾವ ಅಂಕಿಗೆ ಎದ್ದು ಕೂರುತ್ತೀರಿ ಎಂದು ಕೇಳಿದೆ. ನಕ್ಕರು. ಟಿ.ಎಸ್.ಎಚ್. ಹದಕ್ಕೆ ಬಂದ ಮೇಲೂ ಒಂದೇ ಕಡೆ ಮಾಡಿಸಿದ ಎರಡು ಪರೀಕ್ಷೆಗಳಲ್ಲಿ 1 ದಾಟಿದರೆ ಎಂದರು. ದುಗ್ಧರಸ ಗ್ರಂಥಿಯ ವಿಷಯಕ್ಕೆ, 8 ಮಿಲಿಮೀಟರ್ ದಾಟಿ ಆಕಾರ ಕೆಟ್ಟರೆ ಸೂಜಿ ಹಾಕುತ್ತಾರಂತೆ. ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಬೂದು ಬಣ್ಣದ ಒಂದು ಚಿಕ್ಕ ಅಂಡಾಕಾರ, ನಡುವೆ ಬಿಳಿಯ ಗೆರೆ. ಆ ಗೆರೆ ಕೊಬ್ಬಿನದು, ಅದು ಕಾಣುತ್ತಿರುವುದು ಒಳ್ಳೆಯ ಲಕ್ಷಣ ಎಂದರು. ಎರಡು ವಾರದಿಂದ ನಾನು ಹುಡುಕುತ್ತಿದ್ದದ್ದು ಇದನ್ನೇ. ಅದು ನಾನು ಒತ್ತುತ್ತಿದ್ದ ಜಾಗದಲ್ಲಿಯೇ ಇರಲಿಲ್ಲ, ಇನ್ನೂ ಕೆಳಗೆ, ಕೊರಳ ಮೂಳೆಯ ಹತ್ತಿರ! ನನ್ನ ಬೆರಳಿಗೆ ಸಿಗುತ್ತಿದ್ದದ್ದು ಸ್ನಾಯು.

ಕಾದರೆ ಏನು ಜಾರಿಹೋಗುತ್ತದೆ ಎಂಬ ಮೂರನೆಯ ಪ್ರಶ್ನೆ ಕೇಳುವ ಹೊತ್ತಿಗೆ ನನಗೆ ಗಂಟಲು ಕಟ್ಟಿತು. ಚೀಟಿಯನ್ನೇ ಕೊಟ್ಟೆ. ಓದಿ ‘ಏನೂ ಇಲ್ಲ’ ಎಂದು ಅದರ ಮೇಲೆಯೇ ಬರೆದು ದಿನಾಂಕ ಹಾಕಿ ಕೊಟ್ಟರು. ಅದು ಈಗ ಮಾತ್ರೆಯ ಡಬ್ಬಿಯಲ್ಲಿದೆ.

ಗಂಡನನ್ನೂ ಕೇಳಿದೆ. ಅವರ ಮೊಬೈಲಿನಲ್ಲಿ ಏನೂ ಸಿಗಲಿಲ್ಲ, ಅಳಿಸಿದ್ದಾರೆ. ಅಳಿಸಿದ್ದೇನೆ ಎಂದು ಒಪ್ಪಿಕೊಂಡರು.

ನಿನ್ನೆ ರಾತ್ರಿಯೂ ಮೂರಕ್ಕೆ ಎಚ್ಚರವಾಯಿತು, ಅದು ಹೋಗಿಲ್ಲ. ಮುಂದಿನ ಪರೀಕ್ಷೆಗೆ ಇನ್ನು ಐದೂವರೆ ತಿಂಗಳು.

ಇನ್ನೊಂದು_ಬಗೆ | ಬುಧವಾರ, ರಾತ್ರಿ 8:52

ಹನ್ನೊಂದೂವರೆಗೆ. ಅವನ ಕ್ಯಾಲ್ಸಿಟೋನಿನ್ ಮಾಮೂಲಾಗಿದೆ.

ಅರ್ಧಚಿಟ್ಟೆ | ಬುಧವಾರ, ರಾತ್ರಿ 8:53

ಓದಿದೆ. ಓದಿದೆ. ಓದಿದೆ.

ಕಾದುನೋಡುವವ | ಬುಧವಾರ, ರಾತ್ರಿ 9:20

ಕಿಟಕಿಪಕ್ಕ ತಾಯೀ, ಐದೂವರೆ ತಿಂಗಳ ನಂತರದ ಆ ವಾರಕ್ಕೆ ನಿಮ್ಮ ಮನೆಯ ನಲ್ಲಿ ಯಾವುದಾದರೂ ತೊಟ್ಟಿಕ್ಕುತ್ತಿದ್ದರೆ ಈಗಲೇ ರಿಪೇರಿ ಮಾಡಿಸಬೇಡಿ, ಉಳಿಸಿಕೊಳ್ಳಿ.

ಸೂಕ್ಷ್ಮನಳಿಗೆ | ಬುಧವಾರ, ರಾತ್ರಿ 9:34

ಪರೀಕ್ಷೆಗೆ ಎರಡು ದಿನ ಮುಂಚೆ ಯಾವುದೇ ವಿಟಮಿನ್ ಮಾತ್ರೆ ನುಂಗುವ ಮೊದಲು ಡಬ್ಬಿಯ ಹಿಂದೆ ಬಯೋಟಿನ್ ಎಂದು ಬರೆದಿದೆಯೇ ನೋಡಿ, ಇದ್ದರೆ ಬಿಡಿ. ಥೈರಾಕ್ಸಿನ್ ಮಾತ್ರ ಬಿಡಬೇಡಿ. ರಕ್ತ ಕೊಟ್ಟ ಮೇಲೆ ವರದಿ ಯಾರ ಮೊಬೈಲಿಗೆ ಬರಬೇಕು ಎಂದು ಕೌಂಟರಿನಲ್ಲಿ ಕೇಳುತ್ತಾರೆ, ಅದನ್ನೂ ಯೋಚಿಸಿಕೊಂಡು ಹೋಗಿ.